ನಾಲ್ಕು ಟಾಟಪಟ್ಟಿಗಳ ಇಂಗ್ಲಿಷ್ ತರಗತಿ

ಮೆಹರುನ್ನೀಸಾ ತೀರಿಕೊಂಡ ನಲವತ್ತನೆಯ ದಿನ ಅವಳ ಮನೆಗೆ ಹೋಗಿದ್ದೆ. ಕಲಬುರಗಿಯ ಸೇಡಂ ರಸ್ತೆಯಿಂದ ಒಳಗಿನ ಓಣಿಯಲ್ಲಿ ಅವರ ಮನೆ. ಊಟ ಮುಗಿದು ಬಂದವರು ಒಬ್ಬೊಬ್ಬರೇ ಎದ್ದು ಹೋದ ಮೇಲೆ ಅವಳ ಮಗಳು ಶಮೀಮ್ ನನ್ನ ಪಕ್ಕದಲ್ಲಿ ಬಂದು ಕುಳಿತಳು. ಅವಳ ಕೈಯಲ್ಲಿ ಒಂದು ಕಾಗದ ಇತ್ತು. ಕಮಲಾಪುರದ ಶಾಲೆಗೆ ಇಂಗ್ಲಿಷ್ ಶಿಕ್ಷಕಿಯಾಗಿ ಅವಳನ್ನು ನೇಮಿಸಿದ ಕಾಗದ. ಅದು ಬಂದದ್ದು ತಾಯಿ ಹೋದ ನಾಲ್ಕು ದಿನಕ್ಕೆ.

"ಉಸ್ತಾನಿಮಾ," ಅಂದಳು. ಉಸ್ತಾನಿ ಅಂದರೆ ಕಲಿಸುವವಳು. ಆ ಮನೆಯಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಹಾಗೆಯೇ. "ಆ ಕ್ಲಾಸಿನಾಗ ಕನ್ನಡದವರು ಅದಾರ, ನಮ್ಮವರು ಅದಾರ, ತಾಂಡಾದ ಹುಡುಗ್ಯಾರು ಅದಾರ, ಮರಾಠಿ ಮನೀವರೂ ಅದಾರಂತ. ಇಂಗ್ಲಿಷ್ ಯಾ ಭಾಷೆದಾಗ ಹೇಳಿಕೊಡ್ಲಿ? ಅಮ್ಮಿ ಇದ್ದಿದ್ರ ಕೇಳತಿದ್ದೆ."

"ನಿಮ್ಮಮ್ಮಿಗೆ ಅದು ಚಲೋ ಗೊತ್ತಿತ್ತು."

"ಅಮ್ಮಿಗೆ ಕಲಿಸಿದಾಕಿ ನೀವೇ ಅಲ್ಲೇನ್ರಿ? ಬರದು ಕೊಡ್ರಿ."

ನಾನು ನಿವೃತ್ತಳಾಗಿ ಎರಡು ವರ್ಷ. ಹಾಜರಿ ಪುಸ್ತಕ ಮತ್ತು ಪಾಠದ ಟಿಪ್ಪಣಿ ಬಿಟ್ಟರೆ ಬೇರೆ ಏನನ್ನೂ ಬರೆದವಳಲ್ಲ. ಆದರೂ ಬರೆಯುತ್ತಿದ್ದೇನೆ. ಬರೆಯುತ್ತ ಕುಳಿತಾಗ ಏನಾದರೂ ಮರೆತುಹೋದರೆ, ಇರಲಿ, ನಾಳೆ ಮೆಹರುಗೆ ಕೇಳಿದರಾಯಿತು ಅಂದುಕೊಳ್ಳುತ್ತೇನೆ. ಆಮೇಲೆ ನೆನಪಾಗುತ್ತದೆ. ಆದ್ದರಿಂದ ಇದರಲ್ಲಿ ತಪ್ಪುಗಳಿದ್ದರೆ ಅವು ತಿದ್ದುವವರಿಲ್ಲದ ತಪ್ಪುಗಳು.

ನಾನು ಕೆಲಸಕ್ಕೆ ಸೇರಿದ್ದು ನಿಜಾಮನ ಕಾಲದ ಕೊನೆಯಲ್ಲಿ. ಮನೆಯಲ್ಲಿ ಆಡುತ್ತಿದ್ದುದು ಕನ್ನಡ, ಶಾಲೆಯಲ್ಲಿ ಓದಿದ್ದು ಉರ್ದು. ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಉರ್ದುವಿನಲ್ಲೇ ಮಿಡ್ಲ್ ಪರೀಕ್ಷೆ ಪಾಸಾಗಿದ್ದೆ. ಲೆಕ್ಕ, ಭೂಗೋಳ, ಎಲ್ಲವೂ ಉರ್ದು. ಕನ್ನಡದ ಅಕ್ಷರಗಳನ್ನು ಅಂಗಡಿಯ ಹಲಗೆಗಳ ಮೇಲೆ ಕಂಡಾಗ ಗುರುತು ಹಿಡಿಯುತ್ತಿದ್ದೆ, ಬರೆಯಲು ಬರುತ್ತಿರಲಿಲ್ಲ. ಇದು ಈಗಿನವರಿಗೆ ವಿಚಿತ್ರ ಅನ್ನಿಸಬಹುದು. ಆಗ ನನ್ನಂಥವರೇ ಹೆಚ್ಚು.

ಕಮಲಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾವು ಇಬ್ಬರೇ ಕಲಿಸುವವರು. ದೊಡ್ಡ ಬಾಯಿಯವರು, ಅಂದರೆ ಮುಖ್ಯ ಶಿಕ್ಷಕಿ, ಕಾಶೀಬಾಯಿ. ಮರಾಠಿ ಮನೆತನ, ಮಾತು ಗಟ್ಟಿ, ಮನಸ್ಸು ಮೆತ್ತಗೆ. ನಾನು ಹೋದ ಮೊದಲ ದಿನವೇ ಅವರು ಇಂಗ್ಲಿಷ್ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಇದು ನಿಂದು. ನನಗ ಇದರ ವಾಸನೀನೂ ಆಗಂಗಿಲ್ಲ," ಅಂದರು.

ಇಂಗ್ಲಿಷನ್ನು ಉರ್ದುವಿನ ಮೂಲಕ ಕಲಿಸಬೇಕಿತ್ತು. ಪುಸ್ತಕದಲ್ಲಿ ಒಂದು ಪಾಠ ಇತ್ತು: ಹೊರಗೆ ಹಿಮ ಬೀಳುತ್ತಿದೆ, ಮನೆಯವರೆಲ್ಲ ಗೋಡೆಯೊಳಗಿನ ಬೆಂಕಿಗೂಡಿನ ಮುಂದೆ ಕುಳಿತಿದ್ದಾರೆ. ಬೆಂಕಿಗೂಡಿನ ಇಂಗ್ಲಿಷ್ ಶಬ್ದಕ್ಕೆ ನಾನು ಉರ್ದು ಅರ್ಥ ಹೇಳಿದೆ, ಆತಿಶದಾನ್. ಹುಡುಗಿಯರು ಒಂದು ವಾರ ಅದನ್ನು ಉರುಹೊಡೆದರು. ಕಾಶೀಬಾಯಿಯವರು ಒಂದು ದಿನ ಬಾಗಿಲಲ್ಲಿ ನಿಂತು ಅರ್ಥ ಕೇಳಿದರು. ಹದಿನಾರೂ ಹುಡುಗಿಯರು ಒಂದೇ ದನಿಯಲ್ಲಿ ಹೇಳಿದರು, ಆತಿಶದಾನ್. ನನಗೆ ಹೆಮ್ಮೆಯಾಯಿತು.

"ಶಾಬಾಸ್. ಅದು ಎಲ್ಲಿರ್ತದ, ಯಾರಾರ ಹೇಳ್ರಿ."

ಹುಡುಗಿಯರು ಪುಸ್ತಕದ ಹಾಳೆ ತಿರುವಿದರು. ಕಡೆಗೆ ಬಾಗಿಲ ಹತ್ತಿರ ಕುಳಿತಿದ್ದ ಭೀಮಬಾಯಿ ಎದ್ದು, "ಪುಸ್ತಕದಾಗ ಇರ್ತದ್ರೀ," ಅಂದಳು.

ಭೀಮಬಾಯಿ ಊರ ಹೊರಗಿನ ಕೇರಿಯ ಹುಡುಗಿ. ಆ ಕೇರಿಯಿಂದ ಶಾಲೆಗೆ ಬರುತ್ತಿದ್ದವಳು ಅವಳೊಬ್ಬಳೇ. ಅವಳ ಮಾತಿಗೆ ಎಲ್ಲರೂ ನಕ್ಕರು, ನಾನು ನಗಲಿಲ್ಲ. ಒಂದು ಗೊತ್ತಿಲ್ಲದ ಶಬ್ದಕ್ಕೆ ಇನ್ನೊಂದು ಗೊತ್ತಿಲ್ಲದ ಶಬ್ದ ಕಟ್ಟಿ ಕೊಡುತ್ತಿದ್ದೇನೆ ಎಂದು ಆವತ್ತು ಗೊತ್ತಾಯಿತು. ಅಂದಿನಿಂದ ಪುಸ್ತಕದಲ್ಲಿ ಸೇಬು ಬಂದರೆ ಅದನ್ನು ಬಿಟ್ಟು, ನಮ್ಮೂರಿನ ಕೆಂಪು ಬಾಳೆಹಣ್ಣು ತಂದು ಮೇಜಿನ ಮೇಲೆ ಇಟ್ಟು ಅದರ ಹೆಸರು ಕಲಿಸುತ್ತಿದ್ದೆ. ಕಣ್ಣ ಮುಂದೆ ಇರುವುದಕ್ಕೆ ಮೊದಲು ಹೆಸರು ಕಲಿಸು, ಶಮೀಮ್. ಹಿಮ ಆಮೇಲೆ ಬೀಳಲಿ.

ಆಮೇಲಿನ ದಿನಗಳ ಬಗ್ಗೆ ಹೇಗೆ ಬರೆಯಬೇಕೋ ತಿಳಿಯದು. ರಜಾಕಾರರ ಹಾವಳಿ ಹೆಚ್ಚಿದ ವರ್ಷ ಹಳ್ಳಿಯಲ್ಲಿದ್ದ ನನ್ನ ಸೋದರಮಾವನ ಮನೆ ಸುಟ್ಟುಹೋಯಿತು. ಅವರು ಮಕ್ಕಳನ್ನು ಕರೆದುಕೊಂಡು ಸೊಲ್ಲಾಪುರದ ಕಡೆ ಹೋದವರು ಬಹಳ ದಿನ ಬರಲಿಲ್ಲ. ಮರುವರ್ಷ ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ಆಯಿತು, ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿಯಿತು. ಕೆಲವು ಮನೆಗಳಲ್ಲಿ ದೀಪ ಹಚ್ಚಿದರು, ಕೆಲವು ಮನೆಗಳ ಬಾಗಿಲು ಮುಚ್ಚಿಕೊಂಡವು. ಎರಡೂ ಒಂದೇ ಓಣಿಯಲ್ಲಿ. ಶಾಲೆಗೆ ಬೀಗ ಬಿತ್ತು. ವಾರಗಳಾದ ಮೇಲೆ ಬೀಗ ತೆಗೆದಾಗ ಹೊಸ ಹುಕುಂ ಬಂದಿತ್ತು: ಇನ್ನು ಮುಂದೆ ಕನ್ನಡದಲ್ಲಿ ಕಲಿಸಬೇಕು.

ಕನ್ನಡದವಳೇ ಆದ ನನಗೆ ಅದೇ ಕಷ್ಟ. ಬೋರ್ಡಿನ ಮುಂದೆ ನಿಂತರೆ ಕೈ ತಾನಾಗಿ ಬಲಗಡೆಯ ಅಂಚಿಗೆ ಹೋಗುತ್ತಿತ್ತು, ಉರ್ದು ಬರೆಯುವ ರೂಢಿ. "ಬಾಯಾರ, ಆ ಕಡಿಂದ ಅಲ್ರೀ, ಈ ಕಡಿಂದ," ಎಂದು ಭೀಮಬಾಯಿ ಹೇಳುತ್ತಿದ್ದಳು. ಅವಳ ಅಪ್ಪ ಭಜನೆ ಹಾಡುವವನು, ಹಾಡಿನ ಪುಸ್ತಕದಿಂದ ಮಗಳಿಗೆ ಅಕ್ಷರ ಕಲಿಸಿದ್ದ. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಹೇಳಿಕೊಡುತ್ತಿದ್ದಳು, ನಾನು ಪಾಟಿಯ ಮೇಲೆ ತೀಡುತ್ತಿದ್ದೆ. ಹತ್ತು ಹನ್ನೆರಡು ವರ್ಷದ ಹುಡುಗಿಯಿಂದ ಕಲಿಯಲು ನನಗೆ ನಾಚಿಕೆ ಇತ್ತು. ಅದನ್ನು ಮುಚ್ಚಿಕೊಳ್ಳಲು, "ನಿನಗ ಎಷ್ಟು ಬರ್ತದ ನೋಡೋಣ," ಎಂದು ಪರೀಕ್ಷೆ ಮಾಡುವವಳಂತೆ ಕೇಳುತ್ತಿದ್ದೆ. ಅವಳಿಗೆ ಗೊತ್ತಿತ್ತು. ಒಂದು ದಿನ ನನ್ನ ಪಾಟಿ ನೋಡಿ, "ಇವತ್ತ ಪಾಸ್ ಆದ್ರಿ," ಅಂದಳು.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಅದನ್ನು ನಾನು ಬುದ್ಧಿವಂತಿಕೆ ಎಂದು ತಿಳಿದು ಮಾಡಿದೆ.

ತರಗತಿಯಲ್ಲಿ ನಾಲ್ಕು ಟಾಟಪಟ್ಟಿಗಳಿದ್ದವು. ಸೆಣಬಿನ ಉದ್ದನೆಯ ಹಾಸು, ಅಂಚಿಗೆ ಬಣ್ಣದ ಗೀರು. ಗೋಡೆಯಿಂದ ಗೋಡೆಗೆ ಮುಟ್ಟುತ್ತಿದ್ದವು. ಇಂಗ್ಲಿಷ್ ಪಾಠವನ್ನು ಬರೀ ಕನ್ನಡದಲ್ಲಿ ಹೇಳಿದರೆ ಉರ್ದು ಮಕ್ಕಳು ಮುಖ ನೋಡುತ್ತಿದ್ದರು, ಉರ್ದುವಿನಲ್ಲಿ ಹೇಳಿದರೆ ತಾಂಡಾದ ಮಕ್ಕಳು ಕಿಟಕಿ ನೋಡುತ್ತಿದ್ದರು. ಅದಕ್ಕೆ ಒಂದೊಂದು ಭಾಷೆಗೆ ಒಂದೊಂದು ಪಟ್ಟಿ ಮಾಡಿದೆ. ಕೆಂಪು ಅಂಚು ಕನ್ನಡದವರಿಗೆ, ಹಸಿರು ಅಂಚು ಉರ್ದುವಿನವರಿಗೆ, ನೀಲಿ ಲಂಬಾಣಿ ಹುಡುಗಿಯರಿಗೆ, ಹಳದಿ ಮರಾಠಿಯವರಿಗೆ. ಒಂದು ಸಾಲಿಗೆ ಹೇಳಿ ಮುಗಿಸಿ ಇನ್ನೊಂದಕ್ಕೆ ಹೋಗುತ್ತಿದ್ದೆ. ಲಂಬಾಣಿ ನನಗೆ ಬರುತ್ತಿರಲಿಲ್ಲ, ಆ ಸಾಲಿಗೆ ಕೈಸನ್ನೆ. ತನಿಖೆಗೆ ಬಂದ ಸಾಹೇಬರು ಬಾಗಿಲಲ್ಲಿ ನಿಂತು ನೋಡಿ, "ಬಹಳ ಶಿಸ್ತು," ಎಂದು ಭೇಟಿಯ ಪುಸ್ತಕದಲ್ಲಿ ಬರೆದು ಹೋದರು.

ಹಸಿರು ಅಂಚಿನ ಪಟ್ಟಿಯ ಮೇಲೆ ಆರು ಹುಡುಗಿಯರಿದ್ದರು. ಒಂದು ತಿಂಗಳಿಗೆ ನಾಲ್ವರಾದರು. ಚಳಿ ಮುಗಿಯುವ ಹೊತ್ತಿಗೆ ಇಬ್ಬರು. ಹಾಜರಿ ಪುಸ್ತಕದಲ್ಲಿ ಗೈರು ಎಂದು ಗುರುತು ಹಾಕುತ್ತ ಹೋದೆ. ಕಾಲ ಹಾಗಿದೆ, ಕೆಲವರು ಹೈದರಾಬಾದಿಗೆ ಹೋಗುತ್ತಿದ್ದಾರೆ, ನಾನೇನು ಮಾಡಲಿ ಅಂದುಕೊಂಡೆ. ಕೊನೆಗೆ ಆ ಉದ್ದದ ಪಟ್ಟಿಯ ಮೇಲೆ ಒಬ್ಬಳೇ ಉಳಿದಳು. ಅವಳೇ ಮೆಹರುನ್ನೀಸಾ.

ತೆಳ್ಳಗಿನ ಹುಡುಗಿ, ಮಾತು ಕಡಿಮೆ. ಅವಳ ಅಪ್ಪ ಊರಿನಲ್ಲಿ ಎಲ್ಲರಿಗೂ ಅರ್ಜಿ ಬರೆದುಕೊಡುವ ಮುನ್ಷಿ. ಹೊಲದ ತಕರಾರು, ಬಾವಿಯ ನೀರು, ಯಾವ ಅರ್ಜಿ ಇದ್ದರೂ ಜನ ಅವರ ಕಟ್ಟೆಗೆ ಹೋಗುತ್ತಿದ್ದರು. ಆ ಸೆಪ್ಟೆಂಬರಿನಲ್ಲಿ ಯಾವುದೋ ಕೆಲಸಕ್ಕೆ ಬೀದರದ ಕಡೆ ಹೋದವರು ತಿರುಗಿ ಬಂದಿರಲಿಲ್ಲ. ತಾಯಿ ಮೊದಲೇ ಇರಲಿಲ್ಲ. ಮನೆಯಲ್ಲಿ ಅಜ್ಜಿ ಮತ್ತು ಮೊಮ್ಮಗಳು.

ಒಂದು ದಿನ ಶಾಲೆ ಬಿಟ್ಟ ಮೇಲೆ ಮೆಹರು ಹೋಗದೆ ನಿಂತಳು. ತಾನು ಕುಳಿತಿದ್ದ ಪಟ್ಟಿಯನ್ನು ಒಂದು ತುದಿಯಿಂದ ಸುತ್ತತೊಡಗಿದಳು. ಸುತ್ತಿ, ಎದೆಗೆ ಅವಚಿಕೊಂಡು, ಸಾಮಾನಿನ ಕೋಣೆಯ ಮೂಲೆಯಲ್ಲಿ ನಿಲ್ಲಿಸಿ ಬಂದಳು.

"ಅದ್ಯಾಕ ಇಟ್ಟಿ?" ಅಂದೆ.

"ಒಬ್ಬಾಕಿಗೆ ಅಷ್ಟು ಉದ್ದದ್ದು ಯಾಕ್ರೀ," ಅಂದಳು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಸಂಜೆ ಅವಳ ಮನೆಗೆ ಹೋದೆ.

ಬಾಗಿಲ ಚೌಕಟ್ಟಿನ ಮೇಲೆ ಎರಡು ಮೊಳೆಗಳಿದ್ದವು, ನಡುವೆ ಗೋಡೆಯ ಬಣ್ಣ ಬೆಳ್ಳಗೆ. ಮುನ್ಷಿಯವರ ಹೆಸರಿನ ಹಲಗೆ ಇದ್ದ ಜಾಗ ಅದು. ಅಜ್ಜಿ ಒಳಗೆ ಕರೆದರು. ಚಾಪೆ ಹಾಸಿದರು. ಅವರ ಮಾತಿನಲ್ಲಿ ಕನ್ನಡ, ದಖನಿ ಎರಡೂ ಕೂಡಿರುತ್ತಿದ್ದವು.

"ನಕ್ಕೋ ಉಸ್ತಾನಿ," ಅಂದರು, ನಾನು ಬಾಯಿ ತೆರೆಯುವ ಮೊದಲೇ. "ಅಕಿನ್ನ ಕಳಸಂಗಿಲ್ಲ. ರಂಜಾನ್ ಮುಗೀಲಿ, ಹೈದರಾಬಾದಿಗೆ ಅಕಿ ಖಾಲಾ, ಚಿಗವ್ವನ ಮನಿಗೆ ಕಳಸ್ತೀನಿ."

"ಶಾಲ್ಯಾಗ ಯಾರಾರ ಏನಾರ ಅಂದ್ರೇನು?"

"ಯಾರೂ ಏನೂ ಅಂದಿಲ್ಲ. ನೀವೂ ಅಂದಿಲ್ಲ." ಅವರು ಬಾಗಿಲ ಕಡೆ ನೋಡಿದರು. "ನಾವು ಮನೀ ಮುಂದಿನ ಹೆಸರು ತಗದು ಕುಂತೀವಿ. ಯಾರಿಗೂ ಕಾಣೋದು ಬ್ಯಾಡ ಅಂತ. ನೀವು ಅಲ್ಲಿ ಹುಡುಗ್ಯಾರನ್ನ ಬ್ಯಾರೆ ಸಾಲು ಮಾಡಿ ಕುಂದರಸೀರಿ. ಬಾಗಿಲಾಗ ನಿಂತವರು ಯಾರ ಬೇಕಾದ್ರೂ ಎಣಿಸಬಹುದು. ಇವು ಇವರ ಮಕ್ಕಳು, ಇಷ್ಟು ಮಂದಿ ಅದಾವ ಅಂತ. ಎಲ್ಲಾ ಮನಿಯವರು ಅದಕ್ಕ ಬಿಡಿಸ್ಯಾರ. ನಿಮಗ ಗೊತ್ತಾಗಲಿಲ್ಲೇನು ಉಸ್ತಾನಿ?"

ನನಗೆ ಗೊತ್ತಾಗಿರಲಿಲ್ಲ. ಭಾಷೆಗಾಗಿ ಸಾಲು ಮಾಡಿದೆ ಎಂದು ಹೇಳಿಕೊಂಡಿದ್ದೆ. ಇಷ್ಟು ವರ್ಷವಾದ ಮೇಲೆ ಒಂದು ಮಾತು ಬರೆಯುತ್ತೇನೆ. ನನ್ನ ಸೋದರಮಾವನ ಮನೆ ಸುಟ್ಟಿತ್ತು. ಮಕ್ಕಳನ್ನು ಬೇರೆ ಬೇರೆ ಕೂರಿಸುವಾಗ ನನ್ನ ಮನಸ್ಸಿನಲ್ಲಿ ಭಾಷೆ ಒಂದೇ ಇತ್ತೇ ಎಂದು ನಾನು ಈಗಲೂ ಆಣೆ ಮಾಡಿ ಹೇಳಲಾರೆ.

ಪರದೆಯ ಹಿಂದಿನಿಂದ ಮೆಹರುನ ದನಿ ಬಂತು. ಅಜ್ಜಿಯನ್ನು ಅವಳು ದಾದಿ ಅನ್ನುತ್ತಿದ್ದಳು. "ದಾದಿ, ಅರ್ಜಿ ಬರೀಲಾಕ ಬರೋತನಕ ಇಲ್ಲೇ ಇರ್ತೀನಿ."

ಯಾವ ಅರ್ಜಿ ಎಂದು ಕೇಳಿದೆ. ಅಜ್ಜಿ ಹೇಳಿದರು. ಮಗನನ್ನು ಹುಡುಕಿಸಿಕೊಡಿ ಎಂದು ಕೇಳಬೇಕು. ಉರ್ದುವಿನಲ್ಲಿ ಬರೆಯಲು ಮೆಹರುಗೆ ಅಪ್ಪನೇ ಕಲಿಸಿದ್ದರು. ಆದರೆ ಈಗ ಕಚೇರಿಗೆ ಹೊರಗಿನಿಂದ ಹೊಸ ಸಾಹೇಬರು ಬಂದಿದ್ದಾರೆ, ಅವರಿಗೆ ಉರ್ದು ಓದಲು ಬರುವುದಿಲ್ಲ, ಇಂಗ್ಲಿಷಿನಲ್ಲಿ ಕೊಟ್ಟರೆ ತಾವೇ ಓದುತ್ತಾರೆ ಎಂದು ಯಾರೋ ಹೇಳಿದ್ದರು. ಆ ಹುಡುಗಿ ಖಾಲಿ ಪಟ್ಟಿಯ ಮೇಲೆ ಇಷ್ಟು ದಿನ ಒಬ್ಬಳೇ ಕುಳಿತದ್ದು ಅದಕ್ಕೆ.

"ನಾ ಬರದು ಕೊಡ್ತೀನಿ," ಅಂದೆ. ನಿಜ ಹೇಳಬೇಕೆಂದರೆ ಅಂಥ ಅರ್ಜಿ ಬರೆಯುವಷ್ಟು ಇಂಗ್ಲಿಷ್ ನನಗೂ ಇರಲಿಲ್ಲ.

"ನಿಮಗ ಅಬ್ಬಾ ಗೊತ್ತಿಲ್ಲಲ್ರೀ," ಅಂದಳು ಪರದೆಯ ಹಿಂದಿನವಳು. ಅಬ್ಬಾ ಅಂದರೆ ಅಪ್ಪ.

ಅಜ್ಜಿಗೆ ಒಂದು ಮಾತು ಕೊಟ್ಟೆ: ಎಂಟು ದಿನ ಬಿಟ್ಟು ನೀವೇ ಬಂದು ನೋಡಿರಿ, ಮನಸ್ಸಿಗೆ ಬರದಿದ್ದರೆ ಹೈದರಾಬಾದಿಗೆ ಕಳಿಸಿರಿ. ಅವರು ಎದ್ದು ಬಾಗಿಲವರೆಗೆ ಬಂದು ಕಳಿಸಿದರು.

ಮರುದಿನ ಬೆಳಿಗ್ಗೆ ಬೇಗ ಹೋಗಿ ಶಾಲೆಯ ಬೀಗ ತೆಗೆದೆ. ಪಟ್ಟಿಗಳನ್ನು ಅಡ್ಡ ಹಾಸಿ ನೋಡಿದೆ, ಮೂಲೆಗೆ ಎಳೆದು ನೋಡಿದೆ. ಹೇಗೆ ಹಾಸಿದರೂ ಉದ್ದದ ಪಟ್ಟಿ ಸಾಲೇ ಆಗುತ್ತಿತ್ತು, ಕುಳಿತವರು ತಮ್ಮ ತಮ್ಮವರ ಪಕ್ಕಕ್ಕೇ ಸರಿಯುತ್ತಿದ್ದರು. ಕಡೆಗೆ ಮನೆಯಿಂದ ಕುಡುಗೋಲು ತಂದು ನಾಲ್ಕೂ ಪಟ್ಟಿಗಳನ್ನು ಕತ್ತರಿಸಿದೆ. ಒಂದೊಂದು ತುಂಡಿನ ಮೇಲೆ ಇಬ್ಬರೇ ಕೂರಬೇಕು, ಮೂರನೆಯವರಿಗೆ ಜಾಗ ಇರಬಾರದು.

ಕಾಶೀಬಾಯಿಯವರು ಬಂದರು. ನೆಲದ ಮೇಲೆಲ್ಲ ಸೆಣಬಿನ ನಾರು.

"ಅಗ್ಗಬಾಯಿ, ಇದೇನ ಮಾಡಿದಿ ನೀಲಮ್ಮ? ಇದು ಸರಕಾರದ್ದು."

"ಹುಡುಗ್ಯಾರೂ ಸರಕಾರದವರೇ ಅಲ್ರೀ," ಅಂದೆ. ಅಷ್ಟು ಎದುರು ಮಾತನಾಡಿದ್ದು ಅದೇ ಮೊದಲು. ಆಮೇಲೆ ಅಜ್ಜಿ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಕಾಲಿನಿಂದ ನಾರನ್ನು ಮೂಲೆಗೆ ಸರಿಸಿದರು. "ಸಾಹೇಬ ಬಂದರ ನಾ ಏನೂ ನೋಡಿಲ್ಲ," ಎಂದು ಹೇಳಿ ತಮ್ಮ ಕೋಣೆಗೆ ಹೋದರು.

ಎರಡು ಬೇರೆ ಭಾಷೆಯವರು ಒಂದು ತುಂಡಿನ ಮೇಲೆ, ಇಬ್ಬರಿಗೂ ಕೂಡಿ ಒಂದು ಪಾಟಿ. ನಾನು ವಸ್ತು ತೋರಿಸುತ್ತೇನೆ, ಇಲ್ಲವೇ ಮಾಡಿ ತೋರಿಸುತ್ತೇನೆ, ಇಂಗ್ಲಿಷ್ ಹೆಸರು ಹೇಳುತ್ತೇನೆ. ಆಮೇಲೆ ನನ್ನ ಬಾಯಿ ಬಂದ್. ಅವರಿಬ್ಬರೂ ಅದನ್ನು ಒಬ್ಬರಿಗೊಬ್ಬರು ತಮ್ಮ ತಮ್ಮ ಮಾತಿನಲ್ಲಿ ತಿಳಿಸಬೇಕು. ಕೇಳಿದವಳು ತಾನು ಕೇಳಿದ್ದನ್ನು ಹೇಳಿದವಳ ಪರವಾಗಿ ನನಗೆ ಹೇಳಬೇಕು. ಗದ್ದಲ ಬಹಳವಾಗುತ್ತಿತ್ತು. ಆದರೆ ನನ್ನ ಕೈಸನ್ನೆಯಿಂದ ಒಂದು ಶಬ್ದವನ್ನೂ ಕಲಿಯದಿದ್ದ ತಾಂಡಾದ ಹುಡುಗಿಯರು ಎರಡು ವಾರದಲ್ಲಿ ಮಾತಿಗೆ ತೊಡಗಿದರು.

ಎಲ್ಲವೂ ಸುಸೂತ್ರವಾಗಿ ಆಯಿತು ಅಂದರೆ ಸುಳ್ಳಾಗುತ್ತದೆ. ಜೋಡಿ ಮಾಡುವಾಗ ಇನ್ನೊಂದು ಗೊತ್ತಾಯಿತು. ಕೆಂಪು ಅಂಚಿನ ಕನ್ನಡ ಪಟ್ಟಿಯ ಮೇಲೆ ಭೀಮಬಾಯಿ ಇಷ್ಟು ದಿನ ಬಾಗಿಲ ಕಡೆಯ ತುದಿಯಲ್ಲಿ, ಉಳಿದವರಿಂದ ಒಂದು ಮೊಳ ಬಿಟ್ಟು ಕೂರುತ್ತಿದ್ದಳು. ನನಗೆ ಅಕ್ಷರ ಕಲಿಸಿದವಳು. ಆ ಒಂದು ಮೊಳ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪಟ್ಟಿ ಕತ್ತರಿಸಿದ ಮೇಲೆ ಅವಳ ಪಕ್ಕ ಕೂರಲು ಹುಡುಗಿಯರು ಹಿಂದೆ ಮುಂದೆ ನೋಡಿದಾಗ ಕಂಡಿತು. ಅವಳ ತುಂಡಿನ ಅರ್ಧವನ್ನು ಮೆಹರುಗಾಗಿ ಖಾಲಿ ಇಟ್ಟೆ.

ಅಂಗಡಿಯವರ ಮನೆಯ ಹೆಣ್ಣುಮಗಳೊಬ್ಬಳು ಕೇಳಲು ಬಂದಳು. "ನಮ್ಮ ಹುಡುಗೀನ ಯಾರ ಜೋಡಿ ಕುಂದರಸೀರಿ ಬಾಯಾರ?"

"ಇಂಗ್ಲಿಷ್ ಜೋಡಿ ಕುಂದರಸೀನ್ರಿ. ಬ್ಯಾಡಂದ್ರ ಕರಕೊಂಡು ಹೋಗ್ರಿ."

ಕರೆದುಕೊಂಡು ಹೋದಳು. ಹನ್ನೊಂದು ದಿನಕ್ಕೆ ಆ ಹುಡುಗಿ ತಾನೇ ಬಂದು ತನ್ನ ತುಂಡಿನ ಮೇಲೆ ಕುಳಿತಳು. ಅವಳ ತಾಯಿ ಮತ್ತೆ ಬರಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಮೆಹರು ಒಬ್ಬಳೇ ಬಂದಳು. ದಾದಿ ಬರುತ್ತಾರೇನು ಎಂದು ಕೇಳಿದರೆ ತಲೆ ಅಲ್ಲಾಡಿಸಿದಳು, ಗೊತ್ತಿಲ್ಲ. ಭೀಮಬಾಯಿ ಸರಿದು ಜಾಗ ಮಾಡಿದಳು. ಪಾಠ ಅರ್ಧ ಆಗಿತ್ತು. ಬಾಗಿಲಲ್ಲಿ ಬುರ್ಖಾ ತೊಟ್ಟ ಅಜ್ಜಿ ಬಂದು ನಿಂತರು. ಮುಖದ ಮೇಲಿನ ಬಟ್ಟೆ ಎತ್ತಿ ಒಳಗೆ ನೋಡಿದರು. ಎರಡೆರಡಾಗಿ ತಲೆ ಕೂಡಿಸಿ ಪಾಟಿಯ ಮೇಲೆ ಬಾಗಿದ್ದ ಹುಡುಗಿಯರು, ಯಾರೂ ತಲೆ ಎತ್ತಲಿಲ್ಲ. ಅಜ್ಜಿಯ ಕಣ್ಣು ಈ ತುದಿಯಿಂದ ಆ ತುದಿಗೆ ಹೋಯಿತು, ತಿರುಗಿ ಬಂತು.

"ಉಸ್ತಾನಿ," ಅಂದರು ಮೆಲ್ಲಗೆ, "ನನ್ನ ಮೊಮ್ಮಗಳು ಎಲ್ಲಿ ಅದಾಳ? ನಂಗ ಕಾಣವಲ್ಲಳು."

ನಾನು ತೋರಿಸಲು ಕೈ ಎತ್ತಿದೆ. ಅವರು ನನ್ನ ಕೈ ಹಿಡಿದು ಕೆಳಗಿಳಿಸಿದರು.

"ಇರಲಿ. ನಂಗ ಸಿಗಲಿಲ್ಲಲ್ಲ, ಚಲೋ ಆತು," ಅಂದರು. ಮುಖದ ಬಟ್ಟೆ ಇಳಿಸಿಕೊಂಡು ಹೋದರು. ಹೈದರಾಬಾದಿನ ಮಾತನ್ನು ಬಿಟ್ಟುಕೊಡಲಿಲ್ಲ. ಅರ್ಜಿ ಬರೆಯುವವರೆಗೆ ಮಾತ್ರ ಎಂದು ಮೊಮ್ಮಗಳ ಕೈಯಲ್ಲಿ ಹೇಳಿ ಕಳಿಸಿದರು. ಮುಂದಿನ ತಿಂಗಳಿಂದ ಹಸಿರು ಪಟ್ಟಿಯಿಂದ ಬಿಟ್ಟುಹೋಗಿದ್ದ ಹುಡುಗಿಯರಲ್ಲಿ ಮೂವರು ಮರಳಿ ಬಂದರು.

ಆ ಬೇಸಿಗೆಯ ರಜೆಯಲ್ಲೂ ಅರ್ಜಿ ಬರೆಯಲು ತರಗತಿಯ ಹುಡುಗಿಯರು ಬೆಳಿಗ್ಗೆ ಒಂದು ತಾಸು ಬರುತ್ತಿದ್ದರು. ಪುಸ್ತಕ ಮುಚ್ಚಿಟ್ಟೆ. ಒಬ್ಬ ಮನುಷ್ಯನನ್ನು ನೋಡದವರಿಗೆ ಅವನು ಗುರುತು ಸಿಗುವಂತೆ ಹೇಗೆ ಹೇಳಬೇಕು, ಅದೇ ಪಾಠ. ಎತ್ತರ, ಬಣ್ಣ, ಅಂಗಿ, ನಡಿಗೆ. ಮೆಹರು ತನ್ನ ಮಾತಿನಲ್ಲಿ ಹೇಳುತ್ತಿದ್ದಳು, ತರಗತಿಯ ರೂಢಿಯಂತೆ ಭೀಮಬಾಯಿ ಕನ್ನಡದಲ್ಲಿ ನನಗೆ ಮುಟ್ಟಿಸುತ್ತಿದ್ದಳು, ಕಲಬುರಗಿಯಿಂದ ತಂದಿದ್ದ ಡಿಕ್ಷನರಿಯಲ್ಲಿ ನಾನು ಶಬ್ದ ಹುಡುಕುತ್ತಿದ್ದೆ. ಎಡಗೈಯ ಎರಡು ಬೆರಳಿಗೆ ಸದಾ ಶಾಯಿ ಹತ್ತಿರುತ್ತದೆ. ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿದೆ. ನಡೆಯುವಾಗ ತಲೆ ಬಗ್ಗಿಸುತ್ತಾರೆ.

ಒಂದು ದಿನ ಭೀಮಬಾಯಿ ತಾನಾಗಿ ಹೇಳಿದಳು. "ಇದೂ ಬರೀರಿ. ಬಾವಿ ಅರ್ಜಿ ಬರಸಾಕ ನಮ್ಮಪ್ಪ ಹೋದಾಗ ಹೊರಗ ನಿಂದರಸಲಿಲ್ಲ. ಕಟ್ಟೀ ಮ್ಯಾಲ ಕರದು ಕುಂದರಿಸಿ ಬರದು ಕೊಟ್ರು."

ಮೆಹರು ಅವಳನ್ನೇ ನೋಡಿದಳು. ಅವಳಿಗೆ ಅದು ಗೊತ್ತಿರಲಿಲ್ಲ. ಅರ್ಜಿಯಲ್ಲಿ ಆ ಸಾಲನ್ನೂ ಸೇರಿಸಿದೆವು. ಸಾಹೇಬರಿಗೆ ಅದರಿಂದ ಏನು ಉಪಯೋಗವೋ ಗೊತ್ತಿಲ್ಲ, ಆದರೆ ಯಾರೂ ಬೇಡ ಅನ್ನಲಿಲ್ಲ. ಆ ವರ್ಷ ನನ್ನ ತರಗತಿಯ ಎಲ್ಲ ಹುಡುಗಿಯರಿಗೂ ಒಬ್ಬ ಮನುಷ್ಯನ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ಮಾತು ಹೇಳಲು ಬರುತ್ತಿತ್ತು. ಆ ಮನುಷ್ಯ ಮೆಹರುನ ಅಬ್ಬಾ.

ಅರ್ಜಿಯನ್ನು ನಾನೇ ಮೋಟಾರಿನಲ್ಲಿ ಕಲಬುರಗಿಗೆ ಹೋಗಿ ಕೊಟ್ಟು ಬಂದೆ. ರಂಜಾನ್ ಬಂತು. ಅಜ್ಜಿ ಟ್ರಂಕಿನಲ್ಲಿ ಮೊಮ್ಮಗಳ ಬಟ್ಟೆ ಮಡಿಸಿಡಲು ಶುರುಮಾಡಿದ್ದರು. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಶಾಲೆಯ ವಿಳಾಸಕ್ಕೆ ಉತ್ತರ ಬಂತು. ಮೂರು ಸಾಲು, ಟೈಪು ಮಾಡಿದ್ದು. ನಾನು ಒಡೆಯಲಿಲ್ಲ, ಮೆಹರುನ ಕೈಗೆ ಕೊಟ್ಟೆ. ಅವಳು ಬೆರಳಿಟ್ಟು ಓದಿದಳು. ಭೀಮಬಾಯಿ ಅವಳ ಹೆಗಲ ಮೇಲಿನಿಂದ ಓದಿದಳು. ಉತ್ತರ ಅವರ ಮುಖದಲ್ಲಿ ಇತ್ತು. ಆಮೇಲೆ ನಾನೂ ಓದಿದೆ. ವಿಚಾರಿಸಲಾಯಿತು, ಯಾವ ಸುಳಿವೂ ಸಿಕ್ಕಿಲ್ಲ ಎಂದಿತ್ತು.

ಮೂವರೂ ಮೆಹರುನ ಮನೆಗೆ ಹೋದೆವು. ಅಜ್ಜಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಮೊಮ್ಮಗಳ ಕೈಗೆ ಕೊಟ್ಟರು. "ಏನು ಬರದಾರ, ಓದು."

ಮೆಹರು ಕಾಗದ ನೋಡಿದಳು. ಒಂದೊಂದೇ ಶಬ್ದವನ್ನು ಇಂಗ್ಲಿಷಿನಲ್ಲಿ ಸರಿಯಾಗಿ ಓದಿದಳು. ಆಮೇಲೆ ಅರ್ಥ ಹೇಳಿದಳು. "ಹುಡುಕಾಕತ್ತಾರಂತ ದಾದಿ. ಸಿಕ್ಕ ಮ್ಯಾಲ ತಿಳಸ್ತಾರಂತ."

ಅಜ್ಜಿ ನನ್ನ ಕಡೆ ನೋಡಿದರು. ಕಲಿಸುವವಳ ಕಡೆ. ಇಡೀ ವೃತ್ತಿಯಲ್ಲಿ ತಪ್ಪು ಅರ್ಥವನ್ನು ತಿದ್ದದೆ ಬಿಟ್ಟದ್ದು ಅದೊಂದೇ ಸಲ. ನಾನು ತಲೆ ಆಡಿಸಿದೆ. ಭೀಮಬಾಯಿ ತನ್ನ ಪಾಟಿ ಒರೆಸುತ್ತ ಕುಳಿತಿದ್ದಳು.

"ಹಂಗಾರ ಮತ್ತ ಬರೀಬೇಕಾಗ್ತದ," ಅಂದರು ಅಜ್ಜಿ. "ಅವರು ಕೇಳಿದ್ರ ಉತ್ತರ ಕೊಡಾಕ ಯಾರರ ಬೇಕಲ್ಲ." ಎದ್ದು ಹೋಗಿ ಟ್ರಂಕಿನಿಂದ ಬಟ್ಟೆಗಳನ್ನು ತೆಗೆದು ಮತ್ತೆ ಗೂಡಿನಲ್ಲಿ ಇಟ್ಟರು. ಹೈದರಾಬಾದಿನ ಮಾತು ಆಮೇಲೆ ಆ ಮನೆಯಲ್ಲಿ ಬರಲಿಲ್ಲ.

ಅಜ್ಜಿಗೆ ನಿಜ ಗೊತ್ತಿತ್ತೇ, ಮೊಮ್ಮಗಳನ್ನು ಇಟ್ಟುಕೊಳ್ಳಲು ಅವರಿಗೂ ಒಂದು ನೆಪ ಬೇಕಾಗಿತ್ತೇ, ಮೆಹರು ಮುಂದೆ ಎಂದಾದರೂ ಹೇಳಿದಳೇ, ನಾನು ಕೇಳಲೇ ಇಲ್ಲ. ಮೂವತ್ತೈದು ವರ್ಷ ಜೊತೆಗಿದ್ದೂ ಕೇಳಲಿಲ್ಲ. ಈಗ ಕೇಳುವಂತಿಲ್ಲ.

ಮುಂದಿನ ಸಲ ತನಿಖೆ ಇದೆ ಎಂದು ತಿಳಿದಾಗ ಕಾಶೀಬಾಯಿಯವರು ದಬ್ಬಣ, ಸುತಲಿ ತಂದು ನಮ್ಮ ಮುಂದೆ ಒಗೆದರು. "ಹೊಲೀರಿ." ಹುಡುಗಿಯರೆಲ್ಲ ಕೂಡಿ ತುಂಡುಗಳನ್ನು ಹೊಲಿದು ಮತ್ತೆ ನಾಲ್ಕು ಪಟ್ಟಿ ಮಾಡಿದರು. ಆದರೆ ಬಣ್ಣ ನೋಡಿ ಹೊಲಿದವರು ಯಾರು? ಕೆಂಪಿನ ಪಕ್ಕಕ್ಕೆ ಹಸಿರು, ಅದರ ಪಕ್ಕಕ್ಕೆ ಹಳದಿ. ಸಾಹೇಬರು ಬಗ್ಗಿ ನೋಡಿ, "ಇದೇನಿದು?" ಅಂದರು.

"ಹಳೇವಾಗಿದ್ದವು ಸಾಹೇಬ. ಹೊಸದು ಕೇಳೋದು ಯಾಕ ಅಂತ ಹೊಲಸಿದೆ," ಅಂದರು ಕಾಶೀಬಾಯಿ, ಮುಖ ಒಂದು ಚೂರೂ ಬದಲಾಗದೆ. ಸಾಹೇಬರು ಮೆಚ್ಚಿ ಅದನ್ನೂ ಪುಸ್ತಕದಲ್ಲಿ ಬರೆದು ಹೋ­ದರು. ಅವರ ಮೋಟಾರು ತಿರುವು ದಾಟುವ ಮೊದಲೇ ಭೀಮಬಾಯಿ ಗಂಟು ಎಳೆದಳು. ಬೇಕೆಂದೇ ಸಡಿಲಾಗಿ ಹಾಕಿದ್ದ ಗಂಟು.

ಮೆಹರು ಮಿಡ್ಲ್ ಮುಗಿಸುವ ಮೊದಲೇ ಅಪ್ಪನ ಕಟ್ಟೆಯ ಮೇಲೆ ಓಣಿಯ ಹೆಂಗಸರಿಗೆ ಅರ್ಜಿ ಬರೆದುಕೊಡುತ್ತಿದ್ದಳು. ಬಾಗಿಲ ಮೇಲಿನ ಎರಡು ಮೊಳೆಗಳಿಗೆ ಹಲಗೆ ಮರಳಿ ಬಂತು, ಅಪ್ಪನ ಹೆಸರಿನದೇ. ಮುಂದೆ ಅವಳು ಕಲಬುರಗಿಯಲ್ಲಿ ತರಬೇತಿ ಮುಗಿಸಿದಳು. ನಾವು ಒಂದೇ ಶಾಲೆಯಲ್ಲಿ ಪಕ್ಕಪಕ್ಕದ ಕೋಣೆಗಳಲ್ಲಿ ಇಪ್ಪತ್ತು ವರ್ಷ ಕಲಿಸಿದೆವು. ಗೋಡೆಯಾಚೆ ಅವಳ ತರಗತಿಯ ಗದ್ದಲ ಕೇಳಿದರೆ ನನಗೆ ನೆಮ್ಮದಿ. ಈಗ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಒಂದು ಸಪ್ಪಳವೂ ಇರುವುದಿಲ್ಲ.

ನಲವತ್ತರ ದಿನ ಭೀಮಬಾಯಿಯೂ ಬಂದಿದ್ದಳು, ತಾಜಸುಲ್ತಾನಪುರದಿಂದ. ಊಟಕ್ಕೆ ಉದ್ದನೆಯ ಜಮಖಾನ ಹಾಸಿದ್ದರು. ಅವಳು ಕುಳಿತ ಮೇಲೆ ಎಡಗಡೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟುಕೊಂಡಿದ್ದಳು. ಟಾಟಪಟ್ಟಿಯ ತುಂಡಿನ ಮೇಲೆ ಮೆಹರು ಕೂರುತ್ತಿದ್ದುದು ಆ ಕಡೆಗೇ. ಸ್ವಲ್ಪ ಹೊತ್ತಿನ ಮೇಲೆ ಅವಳೇ, "ಬರ್ರಿ ಬಾಯಾರ," ಎಂದು ಆ ಜಾಗದ ಮೇಲೆ ಕೈ ತಟ್ಟಿದಳು.

ಇಷ್ಟು ಬರೆದಿಟ್ಟಿದ್ದೆ. ಮೊನ್ನೆ ಶನಿವಾರ ಶಮೀಮ್ ಬಂದಳು, ಕಮಲಾಪುರದ ಬಸ್ಸಿನಿಂದ ಇಳಿದು ನೇರವಾಗಿ ಇಲ್ಲಿಗೇ. ಕೆಲಸಕ್ಕೆ ಸೇರಿ ಒಂದು ವಾರ. ಇದನ್ನು ಓದಲು ಕೊಟ್ಟೆ. ಓದುತ್ತ ಎರಡು ಸಲ ನಿಲ್ಲಿಸಿ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. ಓದಿ ಮುಗಿಸಿ, "ಉಸ್ತಾನಿಮಾ, ಈಗ ಅಲ್ಲಿ ಟಾಟಪಟ್ಟಿ ಇಲ್ಲ," ಅಂದಳು. "ಬೆಂಚು ಅದಾವ. ಐದೈದು ಮಂದಿ ಕೂಡೋವು. ಕುಡುಗೋಲು ನಡೆಯಂಗಿಲ್ಲ."

ಮೆಹರು ಹೋದ ಮೇಲೆ ನನಗೆ ಮೊದಲ ಸಲ ನಗು ಬಂತು. "ಮತ್ತ ಏನು ಮಾಡಿದಿ?"

"ಅಮ್ಮಿ ಮಾಡತಿದ್ದಂಗ. ದಿನಾ ಬಾಗಿಲಾಗ ನಿಂತು, ಒಳಗ ಬಂದವರನ್ನ ಬಂದಂಗ ಇಬ್ಬಿಬ್ಬರನ್ನ ಕುಂದರಿಸಿದೆ. ಎರಡು ಜೋಡಿ ನಡುವ ಐದನೇದವರ ಜಾಗದಾಗ ಚೀಲ ಇಡಸೀನಿ. ಗದ್ದಲ ಭಾಳ ಆತು. ದೊಡ್ಡ ಸರ್ ಬಂದು ನೋಡಿ ಹೋದ್ರು." ಅವಳು ಕಾಗದಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟಳು. "ಒಂದು ತೊಂದ್ರಿ ಆಗೇದ. ಹೆಸರು ಇನ್ನೂ ಬಾಯಿಗೆ ಬಂದಿಲ್ಲ. ಬೋರ್ಡಿನ ಕಡಿಂದ ತಿರುಗಿ ನೋಡಿದ್ರ ಯಾವ ಹುಡುಗಿ ಯಾವ ಮನೀದು ಅಂತ ಒಂದೂ ಗೊತ್ತಾಗವಲ್ಲದು."

"ಚಲೋ ಆತು," ಅಂದೆ.